ಇಬ್ಬರಿಗೆ ಕಂಡ ಪರದೆ

೧೯೫೮ರ ಬೇಸಿಗೆಯ ಒಂದು ಬೆಳಿಗ್ಗೆ, ಸೊರಬದ ಛತ್ರವೊಂದರ ಜಗಲಿಯಲ್ಲಿ, ಪರಸ್ಪರ ಪರಿಚಯವೇ ಇಲ್ಲದ ಇಬ್ಬರ ಕಣ್ಣ ಮುಂದೆ ಒಂದೇ ಹೊತ್ತಿಗೆ ಒಂದೇ ಬಗೆಯ ಪರದೆ ಹಾದುಹೋಯಿತು. ಆ ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬಾಕೆ ಹಾಲಮ್ಮ ಎಂಬ ರೈತರ ಮನೆಯ ಸೊಸೆ.

ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಶಿಕಾರಿಪುರದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವುದು ಆಗ ನನ್ನ ಕೆಲಸ. ಕೆರೆ ಏರಿಯ ಮೇಲೆ ದೆವ್ವ ಕಂಡಿತು, ಹುಣಸೆ ಮರದಲ್ಲಿ ಬೆಳಕು ಕಂಡಿತು ಎಂದು ಯಾರಾದರೂ ಬಂದರೆ, ‘ನೀವೇ ನೋಡಿದಿರಾ? ಜೊತೆಗೆ ಇನ್ನು ಯಾರಿದ್ದರು?’ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಅಷ್ಟಕ್ಕೇ ಎದ್ದು ಹೋಗುತ್ತಿದ್ದರು.

ಮೈನೋವು ನನಗೆ ಆ ಬೇಸಿಗೆಗೂ ಮೊದಲೇ ಶುರುವಾಗಿತ್ತು. ಕತ್ತಿನ ಬುಡ, ಹೆಗಲು, ಸೊಂಟ, ಮಂಡಿಯ ಒಳಮಗ್ಗುಲು, ಎಲ್ಲಿ ಬೆರಳೂರಿದರೂ ಜೀವ ಹೋಗುವಂಥ ನೋವು. ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದರೂ ಗದ್ದೆ ಉತ್ತು ಬಂದವನ ಸುಸ್ತು. ನೋವು ಏರಿದ ದಿನ ಕಣ್ಣಿನ ತಕರಾರು ಬೇರೆ. ಹರಿಯುವ ನೀರನ್ನು ತೆಳ್ಳಗೆ ಹಾಸಿ ನಿಲ್ಲಿಸಿದಂಥ ಒಂದು ಪರದೆ ಎಡಗಡೆಯಿಂದ ಹೊರಡುತ್ತಿತ್ತು. ಅದರ ಅಂಚಿನಲ್ಲಿ ಒಡೆದ ಬಳೆಚೂರುಗಳ ಹಾಗೆ ಏನೋ ಮಿನುಗುತ್ತಿತ್ತು. ಕಣ್ಣು ಮುಚ್ಚಿದರೂ ಬಿಡದೆ ನಿಧಾನವಾಗಿ ಬಲಕ್ಕೆ ಸರಿದು ಇಲ್ಲವಾಗುತ್ತಿತ್ತು.

ಊರಿನ ವೈದ್ಯರು ವಾತ ಎಂದರು. ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರೊಬ್ಬರು ದೀಪ ಹಿಡಿದು ನೋಡಿ ಏನೂ ಇಲ್ಲ ಎಂದರು. ಇನ್ನೊಬ್ಬರು ಏನೂ ಇಲ್ಲ ಎಂದು ಹೇಳಿ, ಮದುವೆ ಯಾವಾಗ ಎಂದು ಕೇಳಿದರು. ಏನೂ ಇಲ್ಲ ಎನಿಸಿಕೊಂಡು ಹೊರಗೆ ಬಂದು, ಮೆಟ್ಟಿಲಿಳಿಯಲು ಗೋಡೆ ಹಿಡಿದುಕೊಳ್ಳಬೇಕಾದವನಿಗೆ ಎಷ್ಟು ಸಿಟ್ಟು ಬರುತ್ತದೆ ಎಂಬುದನ್ನು ಆ ಡಾಕ್ಟರುಗಳಿಗೆ ಯಾರು ಹೇಳಬೇಕು? ನಾನೂ ಅವರಿಗೆ ‘ಕಣ್ಣು ಮಂಜಾಗುತ್ತದೆ’ ಎಂದಷ್ಟೇ ಹೇಳುತ್ತಿದ್ದೆ. ಪರದೆ, ಬಳೆಚೂರು ಎಂದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆಂದು ನನಗೆ ಗೊತ್ತಿತ್ತು.

ಹಿಂದಿನ ವರ್ಷ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಕಾಡಿಗೆ ಹೋದ ಜನರಿಗೂ ಜ್ವರ ಬಂದಿತ್ತು. ಆ ಹೆದರಿಕೆ ಇನ್ನೂ ಇಳಿದಿರಲಿಲ್ಲ. ಛತ್ರದಲ್ಲಿ ಒಬ್ಬ ಡಾಕ್ಟರು ಸುತ್ತಲಿನ ಹಳ್ಳಿಯವರನ್ನು ಪರೀಕ್ಷೆ ಮಾಡುತ್ತಿದ್ದರು. ಸುದ್ದಿಗೆಂದು ಹೋದವನು ಜಗಲಿಯ ಬೆಂಚಿನ ಮೇಲೆ ಕಾಯುತ್ತಿದ್ದೆ. ಬೆಂಚಿನ ಆ ತುದಿಗೆ ಹಾಲಮ್ಮ, ಆಕೆಯ ಗಂಡ ಬಸವಣ್ಯಪ್ಪ ಮತ್ತು ಅತ್ತೆ ಕೂತಿದ್ದರು. ಆಕೆಗೆ ಜ್ವರವಿರಲಿಲ್ಲ, ಮೈಯೆಲ್ಲ ನೋವಿತ್ತು.

“ಒಲೆ ಮುಂದೆ ಕೂತ್ರೆ ಕಣ್ಣು ಕತ್ತಲೆ ಬರ್ತದೆ, ಊಟಕ್ಕೆ ಕೂತ್ರೆ ಎಲ್ಲ ಚಂದ ಕಾಣ್ತದೆ. ಎಂತ ಕಾಯಿಲೆ ಮಾರಾಯ್ರೇ ಇದು!” ಎಂದು ಅತ್ತೆ ಕೂತವರಿಗೆಲ್ಲ ಕೇಳುವಂತೆ ಹೇಳಿದರು.

ಅಷ್ಟರಲ್ಲಿ ನನ್ನ ಎಡಗಣ್ಣಿನ ಅಂಚಿನಲ್ಲಿ ಪರದೆ ಹೊರಟಿತು. ನಾನು ತುಟಿ ಬಿಚ್ಚಲಿಲ್ಲ. ಬೆಂಚಿನ ಆ ತುದಿಯಿಂದ ಹಾಲಮ್ಮನ ಧ್ವನಿ ಕೇಳಿಸಿತು. “ಬಂತು ನೋಡ್ರಿ. ಕಂಬದ ಹತ್ರ ಅದೆ. ನೀರಿನ ಪರದೆ, ಅಂಚಿಗೆಲ್ಲ ಬಳೆಚೂರು. ಈಗ ಬಾಗಿಲಿಗೆ ಬಂತು. ಈಗ ಗೋಡೆ ಮೇಲೆ. ಹೋಯ್ತು.”

ನನ್ನದೂ ಕಂಬದಿಂದ ಬಾಗಿಲಿಗೆ, ಬಾಗಿಲಿನಿಂದ ಗೋಡೆಗೆ ಸರಿದು, ಆಕೆ ಹೋಯ್ತು ಎಂದಾಗಲೇ ಹೋಗಿತ್ತು.

ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ. “ನಿಮ್ಮಿಬ್ರ ಮನೆಗೂ ಒಂದೇ ಪೇಪರ್ ಬರ್ತದೇನ್ರೀ?” ಎಂದು ಅವರು ನಕ್ಕರು. ನನಗೂ ಅನುಮಾನವಿತ್ತು. ಆಕೆಯ ಮಾತು ಕಿವಿಗೆ ಬಿದ್ದದ್ದರಿಂದಲೇ ನನಗೆ ಹಾಗೆ ಕಂಡಿರಬಹುದು. ಅದಕ್ಕೇ ಒಂದು ಏರ್ಪಾಡು ಮಾಡಿದೆವು. ಹಾಲಮ್ಮ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರಬೇಕು, ನಾನು ಹೊರಗೆ ಬಾವಿಯ ಹತ್ತಿರ ನಿಂತಿರಬೇಕು. ಪರದೆ ಬಂದರೆ ನಾನು ಟೋಪಿ ತೆಗೆಯುವುದು, ಆಕೆ ಕೈ ಎತ್ತುವುದು. ನಾವಿಬ್ಬರೂ ಕಾಣುವಂತೆ ಡಾಕ್ಟರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ತಮ್ಮ ಕೆಲಸ ನಡೆಸಿದರು.

ನೋವು ಜೋರಿದ್ದ ದಿನ ಪರದೆ ಒಂದೇ ಸಲಕ್ಕೆ ಬಿಡುತ್ತಿರಲಿಲ್ಲ. ಮಧ್ಯಾಹ್ನ ಮತ್ತೆ ಬಂತು. ಟೋಪಿ ತೆಗೆದೆ. ಅದು ಹಾದುಹೋದ ಮೇಲೆ ಹಾಕಿಕೊಂಡೆ. ಬಾಗಿಲಿಗೆ ಬಂದಾಗ ಡಾಕ್ಟರು ನಗುತ್ತಿರಲಿಲ್ಲ. ಟೋಪಿ ಇಳಿದಾಗ ಆಕೆಯ ಕೈ ಏರಿತ್ತು, ಟೋಪಿ ಏರಿದಾಗ ಕೈ ಇಳಿದಿತ್ತು.

ಬಸವಣ್ಯಪ್ಪನಿಗೆ ಇದೆಲ್ಲ ಬೇಕಿರಲಿಲ್ಲ. “ಕಾಯಿಲೆಗೊಂದು ಹೆಸರು ಹೇಳ್ರಿ ಡಾಕ್ಟ್ರೇ. ಹೆಸರಿದ್ರೆ ಮನೇಲೇ ಇಟ್ಕೊಂಡು ಔಷಧಿ ಮಾಡಿಸ್ತೀನಿ. ಇಲ್ಲಾಂದ್ರೆ ಇದೆಲ್ಲ ಸೋಗು ಅಂತಾಳೆ ನಮ್ಮವ್ವ. ತವರಿಗೆ ಬಿಟ್ಟು ಬರ್ಬೇಕಾಗ್ತದೆ.”

“ಜ್ವರ ಇಲ್ಲ, ಬಾವು ಇಲ್ಲ. ಇಲ್ಲದ ಹೆಸರು ಎಲ್ಲಿಂದ ತರ್ಲಿ?” ಎಂದರು ಡಾಕ್ಟರು.

“ನೀವು ಕಣ್ಣಾರೆ ನೋಡಿದ್ದನ್ನಾದರೂ ಹೇಳಿ” ಎಂದೆ ನಾನು.

“ನೋಡಿದ್ದು ಒಂದು ಟೋಪಿ, ಒಂದು ಕೈ. ಅದು ಯಾವ ಕಾಯಿಲೆ ಅಂತ ಹೇಳ್ಲಿ?”

ಸಾಯಂಕಾಲದ ಬಸ್ಸಿನಲ್ಲಿ ಬಸವಣ್ಯಪ್ಪ ಹೆಂಡತಿಯನ್ನು ಬಳ್ಳಿಗಾವಿಯ ತವರಿಗೆ ಕರೆದುಕೊಂಡು ಹೋದ. ನಾನು ಪತ್ರಿಕೆಗೆ ಮಂಗನ ಜ್ವರದ ಸುದ್ದಿಯನ್ನಷ್ಟೇ ಕಳಿಸಿದೆ.

ಮಳೆಗಾಲ ಕಳೆದ ಮೇಲೆ ಹಾಲಮ್ಮನ ಅಣ್ಣ ವೀರಭದ್ರಪ್ಪ ಶಿಕಾರಿಪುರಕ್ಕೆ ನನ್ನನ್ನು ಹುಡುಕಿಕೊಂಡು ಬಂದ. ಹಾಲಮ್ಮನನ್ನು ಮರಳಿ ಕರೆದುಕೊಳ್ಳುವ ಮಾತಿಗೆ ಗಂಡನ ಕಡೆಯವರು ಬಳ್ಳಿಗಾವಿಗೆ ಬರುವವರಿದ್ದರು, ಕೊನೆಯ ಮಾತು ಅಂದೇ ಆಗಬೇಕಿತ್ತು. “ನಿಮಗೂ ಕಂಡದ್ದು ಹೇಳಿದ್ರೆ ಸಾಕ್ರೀ. ಪೇಪರಿನೋರು ಅಂದ್ರೆ ಕೇಳ್ತಾರೆ” ಎಂದ.

ಹೋದೆ. ಅಂದು ಹೆಗಲ ನೋವು ಎಷ್ಟಿತ್ತೆಂದರೆ ಬಸ್ಸಿನ ಕಂಬಿ ಹಿಡಿಯಲಾಗುತ್ತಿರಲಿಲ್ಲ. ಪಡಸಾಲೆಯಲ್ಲಿ ಬಸವಣ್ಯಪ್ಪ, ಆತನ ತಾಯಿ, ಊರಿನ ಒಂದಿಬ್ಬರು ಹಿರಿಯರು ಕೂತಿದ್ದರು. ಛತ್ರದಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಟೋಪಿಯ ವಿಷಯವನ್ನು ಬಸವಣ್ಯಪ್ಪ ಮತ್ತೊಮ್ಮೆ ಹೇಳಿಸಿ ಕೇಳಿದ. “ಇಂಥೋರಿಗೇ ಬಂದದೆ ಅಂದ್ಮೇಲೆ ಇದ್ರೂ ಇರಬಹುದು ಬಿಡು” ಎಂದರು ಅತ್ತೆ. ವೀರಭದ್ರಪ್ಪ ತಂಗಿಯ ಟ್ರಂಕು ತಂದು ಬಾಗಿಲ ಹತ್ತಿರ ಇಟ್ಟ.

ಆಗ ಒಳಬಾಗಿಲಲ್ಲಿ ನಿಂತಿದ್ದ ಹಾಲಮ್ಮ ನಕ್ಕಳು. ಆಕೆ ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. “ಬಂತು! ಹೊಸ್ತಿಲ ಹತ್ರ ಅದೆ. ಈಗ ಅಣ್ಣನ ಮೇಲೆ. ಕಾಣ್ತದಲ್ರೀ ನಿಮಗೆ?”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೊಸ್ತಿಲು ನೋಡಿದೆ. ವೀರಭದ್ರಪ್ಪನ ರುಮಾಲು ನೋಡಿದೆ. ಸುಣ್ಣದ ಗೋಡೆ, ಗೂಟಕ್ಕೆ ಹಾಕಿದ ಕಂದೀಲು, ಮೂಲೆಯಲ್ಲಿ ಮೊರ, ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು.

“ಏನ್ರೀ ಸ್ವಾಮಿ, ಕಂಡಿತಾ?” ಎಂದ ಬಸವಣ್ಯಪ್ಪ.

“ಇಲ್ಲ. ಆ ದಿನ ಕಂಡಿತ್ತು. ಇವತ್ತು ಕಾಣುತ್ತಿಲ್ಲ.”

ಮೊದಲು ಎದ್ದವರು ಅತ್ತೆ. ಅವರ ಹಿಂದೆ ಬಸವಣ್ಯಪ್ಪ ಎದ್ದ. ಟ್ರಂಕು ಬಾಗಿಲ ಹತ್ತಿರವೇ ಉಳಿಯಿತು.

ಈ ನೋವಿಗೆ ಫೈಬ್ರೊಮಯಾಲ್ಜಿಯ ಎಂಬ ಹೆಸರಿದೆ ಎಂದು ಬಹಳ ವರ್ಷಗಳ ಮೇಲೆ ಡಾಕ್ಟರೊಬ್ಬರು ಹೇಳಿದರು. ಪರದೆಯಂಥದ್ದು ಕೆಲವರಿಗೆ ಕಾಣುವುದುಂಟು, ಏಕೆಂದು ಗೊತ್ತಿಲ್ಲ ಎಂದರು. ಇಬ್ಬರಿಗೆ ಒಟ್ಟಿಗೆ ಕಾಣುವುದುಂಟೇ ಎಂದು ಕೇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು. ಬಳ್ಳಿಗಾವಿಯ ಆ ದಿನದಿಂದ ನನಗೆ ಪರದೆ ಕಂಡಿಲ್ಲ. ನೋವು ಹೋಗಿಲ್ಲ.

ಶಿಕಾರಿಪುರದ ಸಂತೆಯಲ್ಲಿ ವೀರಭದ್ರಪ್ಪ ಸಿಕ್ಕಾಗ ಕಾಯಿಲೆಯ ಹೆಸರು ಹೇಳಿದೆ. ಆತ ಎರಡು ಸಲ ಹೇಳಿಸಿಕೊಂಡ, ನಾಲಿಗೆ ಹೊರಳದೆ ಬಿಟ್ಟುಬಿಟ್ಟ. ಹಾಲಮ್ಮ ತವರಿನಲ್ಲೇ ಇದ್ದಾಳೆ.

“ಈಗ್ಲೂ ಬರ್ತದ್ರೀ ಅವಳಿಗೆ” ಎಂದ. “ಬಂದಾಗೆಲ್ಲ ಹೇಳ್ತಾಳೆ, ಈಗ ಶಿಕಾರಿಪುರದೋರಿಗೂ ಬಂದಿರ್ತದೆ ಅಂತ.”