ಬೀಜಕ್ಕೆ ಬಿಟ್ಟ ಸಬ್ಬಸಿಗೆ

ಮೈಲೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಸೊಸೆ ಕುಂಡಗಳಲ್ಲಿ ಸಬ್ಬಸಿಗೆ ಬೆಳೆಸಿದ್ದಳು. ಮೊನ್ನೆ ಎಲ್ಲ ಕೊಯ್ದು ನನ್ನ ಮುಂದೆ ಸೋಸಲು ಹಾಕಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತುಬಿಟ್ಟಿತು. ಬೀದರಿನ ಹಳೆಯ ಗಲ್ಲಿಯಲ್ಲಿ ನಮ್ಮ ಗೋಡೆಯಾಚೆ ಇದ್ದ ಖಾಲಾ ನೆನಪಾದರು...

ಮುಸಲ್ಮಾನರ ಮನೆ ಅವರದು. ಲಿಂಗ ಕಟ್ಟಿದ ನನ್ನ ಅವ್ವ ಕೂಡ ಅವರನ್ನು ಖಾಲಾ, ಅಂದರೆ ಚಿಕ್ಕವ್ವ, ಎಂದೇ ಕರೆಯುತ್ತಿದ್ದಳು. ಮೊದಲು ಗಲ್ಲಿಯ ಬಚ್ಚಲ ನೀರೆಲ್ಲ ದಾರಿಯಲ್ಲೇ ನಿಂತು ಗಬ್ಬು ನಾರುತ್ತಿತ್ತಂತೆ. ಖಾಲಾ ಮತ್ತು ಅವರ ಗಂಡ ಗೋಡೆ ಕೊರೆದು, ಕಾಲುವೆ ತೆಗೆದು, ಆ ನೀರನ್ನು ತಮ್ಮ ಹಿತ್ತಲಿಗೆ ತಿರುಗಿಸಿಕೊಂಡರು. ಯಾವ ಮನೆಯಿಂದ ನೀರು ಬಂತೋ ಆ ಮನೆಗೆ ಸೊಪ್ಪು-ಪಲ್ಲೆ ಹೋಗಬೇಕು, ಅದು ನಮ್ಮ ಗಲ್ಲಿಯ ರಿವಾಜು. ಪುಂಡಿ, ರಾಜಗಿರಿ, ಪುದೀನ ಗೋಡೆ ಮೇಲಿಂದ ಬರುತ್ತಿದ್ದವು. ನಾವು ಮಕ್ಕಳು ಸೊಪ್ಪಿನ ಮಡಿಯಲ್ಲಿ ಕಾಲಿಟ್ಟರೆ ಮಾತ್ರ ಅವರ ಬೈಗುಳಕ್ಕೆ ಹಿಂದುಮುಂದು ಇರಲಿಲ್ಲ.

ಪೊಲೀಸ್ ಆ್ಯಕ್ಷನ್‌ಗೆ ತುಸು ಮುಂಚೆ ಅವರ ಗಂಡ ತಾಯಿಯನ್ನು ಕರೆತರಲು ಔರಾದ ಕಡೆಯ ಚಿಂತಾಕಿ ಹಳ್ಳಿಗೆ ಹೋದರು. ಹೂ ಬಿಟ್ಟಿದ್ದ ಸಬ್ಬಸಿಗೆ ಮಡಿ ತೋರಿಸಿ, ಕೊಯ್ಯಬೇಡ, ಬಂದು ನಾನೇ ಬೀಜ ಬಡಿಯುತ್ತೇನೆ ಎಂದಿದ್ದರಂತೆ. ಸೈನ್ಯ ಬಂತು, ನಿಜಾಮರ ಆಳಿಕೆ ಮುಗಿಯಿತು, ಹಳ್ಳಿಗಳಲ್ಲಿ ಮುಸಲ್ಮಾನರ ಕೊಲೆ-ಸುಲಿಗೆ ನಡೆದವು. ಅವರು ಬರಲಿಲ್ಲ.

ಬಜಾರು ಮುಚ್ಚಿತು. ಇಡೀ ಗಲ್ಲಿ ಖಾಲಾರ ಹಿತ್ತಲಿನ ಮೇಲೆ ಜೀವ ಹಿಡಿದಿತ್ತು. ನನ್ನ ಅವ್ವ ಆಗ ಹಸಿ ಬಾಣಂತಿ, ಎದೆಯಲ್ಲಿ ಹಾಲಿಲ್ಲ. ನನ್ನ ಎಳೆಗೂಸು ತಮ್ಮ ಅತ್ತೂ ಅತ್ತೂ ದನಿ ಕಳೆದುಕೊಂಡಿದ್ದ. ಹಾಲಿಳಿಯಲು ಸಬ್ಬಸಿಗೆ ಬೇಕೆನ್ನುತ್ತಾರೆ ನಮ್ಮಲ್ಲಿ. ಉಳಿದದ್ದು ಅದೊಂದೇ ಮಡಿ. ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಔರಾದ ಕಡೆಯಿಂದ ಓಡಿಬಂದ ಒಬ್ಬರು, ಇನ್ನು ಕಾಯಬೇಡಿ ಎಂದು ಖಾಲಾರಿಗೆ ಹೇಳಿಹೋಗಿದ್ದರು. ಆದರೂ ಅವರು ಆ ಮಡಿಗೆ ನೀರು ತಿರುಗಿಸುವುದನ್ನು ಬಿಟ್ಟಿರಲಿಲ್ಲ.

ಒಂದು ಮುಂಜಾನೆ ಖಾಲಾ ಸೆರಗಿನ ತುಂಬ ಸಬ್ಬಸಿಗೆ ತಂದು ಅವ್ವನ ಮುಂದೆ ಸುರಿದರು. ಹೂವೂ ಇತ್ತು, ಎಳೆ ಬೀಜವೂ ಇತ್ತು.

"ಬ್ಯಾಡ್ರಿ ಖಾಲಾ, ಅದು ಅವ್ರು ಬರೋತನ ಬಿಟ್ಟದ್ದು," ಎಂದು ಅವ್ವ ಅತ್ತಳು.

"ಅವ್ರು ಬರಂಗಿಲ್ಲವ್ವ. ಕೂಸು ಅಳ್ಲಕತ್ತದ, ಕುದಸ್ರಿ."

ಅಲ್ಲಿಯತನಕ ಖಾಲಾ ಆ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ.

ಅವ್ವನಿಗೆ ಹಾಲು ಬಂತು, ತಮ್ಮ ಬದುಕಿದ. ಖಾಲಾರನ್ನು ಬಂಧುಗಳು ಹೈದರಾಬಾದಿಗೆ ಕರೆದೊಯ್ದರು. ಆಮೇಲೆ ಸುದ್ದಿಯಿಲ್ಲ... ನಮ್ಮ ಬಚ್ಚಲ ನೀರು ಬಹಳ ದಿನ ಆ ಬರಿ ಮಡಿಗೇ ಹರಿಯುತ್ತಿತ್ತು.

"ಯಾಕ್ರಿ ಅತ್ತಿ, ಸುಮ್ನ ಕೂತ್ರಿ?" ಎಂದಳು ಸೊಸೆ.

"ಬೀಜಕ್ಕ ಒಂದು ಗಿಡಾನೂ ಬಿಟ್ಟಿಲ್ಲೇನವ್ವ?"

"ಅಂಗಡ್ಯಾಗ ಸಿಗ್ತದಲ್ರಿ."

ಅವಳದೇನೂ ತಪ್ಪಿಲ್ಲ. ನನಗೇ ಅಳು ತಡೆಯಲಾಗಲಿಲ್ಲ.