ಮುದ್ದೇಬಿಹಾಳದಲ್ಲಿ ರೇನ್‌ಕೋಟ್ ಮಾರಿದವರು

ಏಪ್ರಿಲ್ ತಿಂಗಳ ಕೆಂಡದಂಥ ಬಿಸಿಲಿನಲ್ಲಿ ಮೊಣಕಾಲಿನವರೆಗೆ ನೀಲಿ ರೇನ್‌ಕೋಟ್ ತೊಟ್ಟು ಸ್ಕೂಟರ್ ಓಡಿಸುತ್ತಿದ್ದವರು ಇಡೀ ಸಿಂದಗಿಯಲ್ಲಿ ನಮ್ಮ ಸರ್ ಒಬ್ಬರೇ. ರಸ್ತೆಯ ಧೂಳು ಬಿಳಿ ಅಂಗಿಗೆ ತಾಗಬಾರದೆಂದು ಆ ವೇಷ. ಕಾಲೇಜಿನ ಬೇವಿನ ಮರದ ಕೆಳಗೆ ಅದನ್ನು ಬಿಚ್ಚಿದರೆ ಅಂಗಿಯ ಮೇಲೆ ಒಂದು ಕಣ ಧೂಳೂ ಇರುತ್ತಿರಲಿಲ್ಲ, ಆದರೆ ಅಂಗಿ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿರುತ್ತಿತ್ತು. ಹುಡುಗರು ಕಿಸಕ್ಕೆಂದರೆ ಸರ್ ತಾವೂ ನಗುತ್ತಿದ್ದರು.

ನಮಗೆ ಎಂ.ಕಾಂ.ಗೆ ಉದ್ಯಮಶೀಲತೆ ಕಲಿಸುತ್ತಿದ್ದ ಅತಿಥಿ ಉಪನ್ಯಾಸಕರು ಅವರು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕಾದ ನೌಕರಿ. ಅಂಥವರು ದಿನಾ ಬಂದು 'ನೌಕರಿ ಹುಡುಕಬ್ಯಾಡ್ರಿ, ಸ್ವಂತ ಏನರ ಚಾಲೂ ಮಾಡ್ರಿ' ಎಂದರೆ ಯಾರು ಸುಮ್ಮನಿರುತ್ತಾರೆ? ಹಿಂದಿನ ಬೆಂಚಿನಿಂದ ಒಬ್ಬ ಕೇಳಿಯೇಬಿಟ್ಟ: "ಸರ್, ಹಂಗಾರ ನೀವ ಯಾಕ ಮಾಡ್ಲಿಲ್ರಿ?"

"ಮಾಡಿದ್ನೆಪಾ. ಬೋರಲ ಬಿದ್ನಿ," ಎಂದರು ಸರ್, ಚೂರೂ ಮುಜುಗರವಿಲ್ಲದೆ.

ಆ ದಿನ ಪಾಠವೆಲ್ಲ ಅದೇ. ಸರ್ ಓದಿದ್ದು ಬೆಳಗಾವಿಯಲ್ಲಿ. ಅಲ್ಲಿ ನಾಲ್ಕು ತಿಂಗಳು ಜಡಿಮಳೆ, ಕಂಡವರ ಮೈಮೇಲೆಲ್ಲ ರೇನ್‌ಕೋಟ್. ಅದನ್ನು ನೋಡಿ ಬಂದವರು ತಮ್ಮೂರು ಮುದ್ದೇಬಿಹಾಳದಲ್ಲಿ ರೇನ್‌ಕೋಟ್ ಅಂಗಡಿ ಇಟ್ಟರು! ನಮ್ಮ ಕಡೆ ಮಳೆ ಬರುವುದೇ ಅಪರೂಪ. ಬಂದರೂ ರೈತರು ಗೊಬ್ಬರದ ಚೀಲ ಮಡಚಿ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಾರೆ, ಕುರಿ ಕಾಯುವವರಿಗೆ ಕಂಬಳಿ ಇದೆ. ಉಳಿದವರು ಮಳೆ ಬಂತಲ್ಲ ಎಂಬ ಖುಷಿಯಲ್ಲಿ ನೆನೆಯುತ್ತಾರೆ. ಅಂಗಡಿ ಮುಚ್ಚಿತು. ಉಳಿದ ಮಾಲನ್ನು ಸರ್ ಒಂದೊಂದಾಗಿ ತೊಟ್ಟು ಹರಿಯುತ್ತಿದ್ದರು.

"ನಾ ಪುಸ್ತಕಾ ಓದಿದ್ನಿ, ಊರು ನೋಡಲಿಲ್ಲ. ನೀವು ನೋಡ್ರಿ," ಎಂದರು.

ನೋಡುವುದಕ್ಕೂ ಅವರದೊಂದು ರೀತಿ ಇತ್ತು. ನಾವು ಪ್ರತಿ ಶನಿವಾರ ಕೆಲಸ ಮಾಡುವವರೊಬ್ಬರ ಹತ್ತಿರ ಬೆಳಗಿನಿಂದ ಸಂಜೆವರೆಗೆ ಕುಳಿತಿರಬೇಕು. ಬರೆಯುವ ವಹಿ ಒಯ್ಯುವಂತಿಲ್ಲ, ಮೊಬೈಲ್ ತೆಗೆಯುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. "ಅವರ ಕೈ ಎಲ್ಲಿ ನಿಂದರತೈತಿ, ಅಷ್ಟ ನೋಡ್ರಿ. ಕೈ ನಿಂತಲ್ಲೆ ನಿಮ್ಮ ಕೆಲಸ ಐತಿ." ಗೆಳೆಯನೊಬ್ಬ ಚಡಚಣದ ದ್ರಾಕ್ಷಿ ತೋಟದಲ್ಲಿ ಕುಳಿತು ನಿದ್ದೆ ಹೊಡೆದು ಬಂದ. ನಾನು ಝಳಕಿ ಹತ್ತಿರ ನಮ್ಮ ದೊಡ್ಡವ್ವನ ಲಿಂಬೆ ತೋಟಕ್ಕೆ ಹೋದೆ.

ಹಣ್ಣು ಹರಿಯುವ ಹೆಂಗಸರ ಕೈ ಗಳಿಗೆಗೊಮ್ಮೆ ನಿಲ್ಲುತ್ತಿತ್ತು. ಲಿಂಬೆ ಮುಳ್ಳು ಮುಂಗೈಯನ್ನೆಲ್ಲ ಗೀರುತ್ತದೆ, ಆ ಗೀರಿಗೆ ಲಿಂಬೆ ರಸ ಬಿದ್ದರೆ ಜೀವ ಹೋಗುವಂಥ ಉರಿ. ಅವರು ಹಳೆ ಸೀರೆಯ ಚೂರು ಸುತ್ತಿಕೊಳ್ಳುತ್ತಿದ್ದರು, ಅದು ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿದ್ದರು. ನನಗೆ ದಾರಿ ಕಂಡಿತು. ಅವ್ವನ ಹೊಲಿಗೆ ಯಂತ್ರದಲ್ಲಿ, ದಪ್ಪ ಜೀನ್ಸ್ ಬಟ್ಟೆಯಲ್ಲಿ, ಬೆರಳ ಬುಡದಿಂದ ಮೊಣಕೈವರೆಗೆ ಬರುವ ತೋಳು ಹೊಲಿದೆ. ಜಾರಬಾರದೆಂದು ಬಿಗಿಯಾಗಿ ಎಲಾಸ್ಟಿಕ್ ಹಾಕಿದೆ. ಅಳತೆಗೆ ನನ್ನದೇ ಕೈ, ವಾಚೊಂದನ್ನು ಬಿಟ್ಟರೆ ಬೋಳು ಕೈ.

ಮೊದಲನೆಯವಳು ತೊಡುವಾಗಲೇ ಎರಡು ಹಸಿರು ಬಳೆ ಒಡೆದವು. ಅವಳು ಚೂರುಗಳನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಕೆಲಸದಾಗ ಬಳಿ ತಗದಿಡ್ರಿ, ಏನಾಗ್ತೈತಿ?" ಎಂದೆ.

"ಮುತ್ತೈದೇರಿಗಿ ಹೇಳೂ ಮಾತೇನ ಇದು? ಕೈ ಹರದ್ರ ಹರೀಲಿ, ತಗೊಂಡ ಹೋಗ ನಿನ್ನ ತೋಳು," ಎಂದಳು ಅವಳು.

ಸರ್ ಎದುರು ಹೋಗಿ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. "ನಾ ಊರಿಗೆ ರೇನ್‌ಕೋಟ್ ತೊಡಸಾಕ ಹೋದ್ನಿ, ನೀ ಬಳಿ ತಗಸಾಕ ಹೋದಿ. ಹೋಗಿ ಮೊದ್ಲ ತಪ್ಪಾತು ಅನ್ನು. ಆಮ್ಯಾಲ ಮತ್ತೊಂದಿನ ಅಲ್ಲೇ ಕುಂಡ್ರು."

ಹೊಸ ಹಸಿರು ಬಳೆ ತೆಗೆದುಕೊಂಡು ಹೋಗಿ ಆಕೆಗೆ ತಪ್ಪಾಯಿತೆಂದೆ. ಬಳೆ ಇಟ್ಟುಕೊಂಡ ಆಕೆಯೇ ಮಧ್ಯಾಹ್ನ ರೊಟ್ಟಿ ಬಿಚ್ಚುತ್ತ ಹೇಳಿದಳು: "ಕೂಸಿನ ಕುಲಾವಿಗೆ ಕಸಿ ಇರ್ತಾವಲ್ಲ, ಹಂಗ ಹೊಲಿ. ಬಳಿ ಮ್ಯಾಲೆ ಸುತ್ತಿ ಕಟ್ಟಿಬಿಡ್ತೇವಿ." ಪಕ್ಕದಲ್ಲಿ ಬಿಚ್ಚಿರುವ, ಲಾಡಿಯಂಥ ಮೂರು ಕಸಿ ಕಟ್ಟುವ ತೋಳು ಹೊಲಿದೆ. ಒಬ್ಬರ ಕೈಗೆ ಇನ್ನೊಬ್ಬರು ಕಸಿ ಕಟ್ಟಿ ಕೆಲಸಕ್ಕೆ ಇಳಿದರು. ಆ ದಿನ ನನಗಾದ ಸಂತೋಷವನ್ನು ಇವತ್ತಿಗೂ ಬರೆಯಲು ಬರುವುದಿಲ್ಲ.

ಆದರೆ ಎಂ.ಕಾಂ. ಮುಗಿಯುತ್ತಲೇ ಅಪ್ಪ ಧಾರವಾಡದಲ್ಲಿ ಸರ್ಕಾರಿ ಪರೀಕ್ಷೆಯ ಕೋಚಿಂಗ್ ಕ್ಲಾಸಿಗೆ ನನ್ನ ಹೆಸರು ಹಚ್ಚಿಸಿ ಬಂದಿದ್ದರು. "ಎಂ.ಕಾಂ. ಓದಿ ತೋಳು ಹೊಲೀತಾಳಂತ!" ಎಂದು ನಮ್ಮೂರು ಕನ್ನೊಳ್ಳಿಯ ಕಟ್ಟೆಯ ಮೇಲೆ ಜನ ನಗುವುದು ಅವರ ಕಿವಿಗೆ ಬಿದ್ದಿತ್ತು. ಸೋಮವಾರ ಹೊರಡಬೇಕು, ಟ್ರಂಕು ಸಿದ್ಧ. ಹೋದರೆ ತೋಳಿನ ಕಥೆ ಅಲ್ಲಿಗೇ ಮುಗಿಯಿತು. ಸುದ್ದಿ ಕೇಳಿ ಭಾನುವಾರ ಸರ್ ನಮ್ಮ ಮನೆಗೆ ಬಂದರು.

ಅಪ್ಪ ಚಹಾ ಕೊಡಿಸಿ, ನೇರವಾಗಿ ಕೇಳಿದರು: "ಸರ್ರ, ನಾಳೆ ನಿಮಗ ಪರ್ಮನೆಂಟ್ ನೌಕರಿ ಸಿಕ್ಕರ ಬ್ಯಾಡ ಅಂತೀರೇನ್ರಿ?"

ನಾನು ಒಳಬಾಗಿಲಲ್ಲಿ ನಿಂತಿದ್ದೆ. ಸರ್ ಏನಾದರೂ ಚಂದದ ಉತ್ತರ ಕೊಡುತ್ತಾರೆಂದು ಕಾದೆ.

"ಇಲ್ರಿ. ಓಡಿ ಹೋಗಿ ಸೇರ್ತೇನಿ," ಎಂದರು. "ನಾ ಒಮ್ಮೆ ಬಿದ್ದಾಂವ ಮತ್ತ ಏಳಾಕ ಅಂಜಿದ್ನಿ. ಅದಕ್ಕ ವರ್ಷಾ ವರ್ಷಾ ಅರ್ಜಿ ಬರ್ಕೋತ ಕುಂತೇನಿ. ನಿಮ್ಮ ಮಗಳು ಬಿದ್ದಳು, ಎಂಟ ದಿನದಾಗ ಎದ್ದು ಮತ್ತ ಅದ ತೋಟಕ್ಕ ಹೋದಳ್ರಿ. ನನಗಿಲ್ಲದ ಧೈರ್ಯ ಆಕೀಗಿ ಐತಿ. ಅದನ್ನ ಹೇಳಾಕ ಬಂದೆ."

ಅಪ್ಪ ಎದ್ದು ನನ್ನ ಟ್ರಂಕನ್ನು ಒಳಗೆ ಸರಿಸಿದರು. ಆಮೇಲೆ, "ಒಂದ ಹಂಗಾಮು ನೋಡೂಣು," ಎಂದರು.

ಆ ಒಂದು ಹಂಗಾಮು ಇನ್ನೂ ನಡೆದಿದೆ. ಇಂಡಿಯಲ್ಲಿ ಈಗ ನಮ್ಮದೊಂದು ಸಣ್ಣ ಶೆಡ್ಡು, ಹನ್ನೊಂದು ಜನ ಹೆಣ್ಣುಮಕ್ಕಳು ಹೊಲಿಯುತ್ತಾರೆ. ಸರ್ ಅವರಿಗೆ ಪರ್ಮನೆಂಟ್ ನೌಕರಿ ಸಿಗಲೇ ಇಲ್ಲ. ಹೋದ ಮಾಘದಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಸುದ್ದಿ ಬಂದಾಗ ನನಗಿಂತ ಮೊದಲು ಅಪ್ಪನೇ ಚಪ್ಪಲಿ ಮೆಟ್ಟಿ ಹೊರಗೆ ನಿಂತಿದ್ದರು. ಮುದ್ದೇಬಿಹಾಳದಲ್ಲಿ ಯಾರೂ ಕರೆಯದಿದ್ದರೂ ಹೋಗಿ ಹೆಗಲು ಕೊಟ್ಟರು.

ತಿರುಗಿ ಬರುವಾಗ ಬಸ್ಸು ಬಸವನ ಬಾಗೇವಾಡಿ ದಾಟಿತು. ಆಗ ಅಪ್ಪ ಹೇಳಿದರು:

"ಆವತ್ತ ಅವ್ರು ಒಂದ ಸುಳ್ಳು ಹೇಳಿದ್ರೂ ನಾ ನಿನ್ನ ಧಾರವಾಡಕ್ಕ ಕಳಿಸಿಬಿಡ್ತಿದ್ನೆವಾ."