ಅಳಿಲು ಬಚ್ಚಿಟ್ಟ ಗೋಲಿ

ಮಂಗಳೂರಿನಲ್ಲಿ ಬಾಲವಾಡಿ ಟೀಚರ್ ಆಗಿದ್ದ ಮರ್ಸಿಬಾಯಿ ಕುವೈತಿನ ಅಬ್ಬಾಸಿಯಾದಲ್ಲಿ, ತಮ್ಮ ಎರಡು ಕೋಣೆಯ ಮನೆಯಲ್ಲೇ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ತೊಂಬತ್ತರಲ್ಲಿ ಇರಾಕಿನ ಸೈನ್ಯ ನುಗ್ಗಿದ ಮೇಲೆ ಹೆಚ್ಚಿನವರು ಊರಿಗೆ ಹೋದರು. ಆಸ್ಪತ್ರೆ ಕೆಲಸದ ಚಂಪಾ ಹೋಗಲಿಲ್ಲ. ಅವಳ ಮಗ, ಮೂರು ತುಂಬದ ಅಖಿಲ್, ದಿನವಿಡೀ ಮರ್ಸಿಬಾಯಿಯ ಬಳಿಯೇ ಇರುತ್ತಿದ್ದ.

ಹೊರಗೆ ಗುಂಡಿನ ಸದ್ದು. ಮಗುವನ್ನು ಆಡಿಸಲು ಅಂಗಳವೂ ಇಲ್ಲ, ಮರವೂ ಇಲ್ಲ. ಮರ್ಸಿಬಾಯಿ ಇರಾನಿ ಅಂಗಡಿಯಿಂದ ಓಕ್ ಮರದ ಕಾಯಿಗಳನ್ನು ತಂದರು. ಅಲ್ಲಿಯವರು ಹುರಿದು ತಿನ್ನುವ ಆ ಕಾಯಿಗೆ ಬಲ್ಲೂತ್ ಎನ್ನುತ್ತಾರೆ. ಅಖಿಲನಿಗೆ ನಾಲಿಗೆ ಹೊರಳಲಿಲ್ಲ, ಗೋಲಿ ಎಂದ. ಅಳಿಲು ಅದನ್ನು ಚಳಿಗಾಲಕ್ಕೆಂದು ಹುಗಿದಿಡುತ್ತದೆ, ಎಲ್ಲಿಟ್ಟೆನೆಂದು ಯಾರಿಗೂ ಹೇಳುವುದಿಲ್ಲ ಎಂದು ಮರ್ಸಿಬಾಯಿ ಆಡಿ ತೋರಿಸಿದರು.

ಒಂದು ಬೆಳಿಗ್ಗೆ ಸೈನಿಕರು ಆಯುಧ ಹುಡುಕುತ್ತ ಬಾಗಿಲು ಒದ್ದು ಒಳಬಂದರು. ಅವರಲ್ಲೊಬ್ಬ ಬಸ್ರಾದಲ್ಲಿ ನಮ್ಮವರ ಜೊತೆ ದುಡಿದು ಹಿಂದಿ ಕಲಿತಿದ್ದ. ಅಖಿಲ್ ಅವನ ಪ್ಯಾಂಟು ಜಗ್ಗಿ ನಕ್ಕ.

"ಗೋಲಿ ಹೈಡ್! ಗೋಲಿ ಹೈಡ್!"

ಹಿಂದಿಯಲ್ಲಿ ಗೋಲಿ ಎಂದರೆ ಬಂದೂಕಿನ ಗುಂಡು. ಸೈನಿಕ ಬಂದೂಕು ತಿರುಗಿಸಿ ಅದರ ಹಿಡಿಯಿಂದ ಮರ್ಸಿಬಾಯಿಯ ಗಂಡ ರುಡಾಲ್ಫರ ದವಡೆಗೆ ಬಡಿದ.

"ಗೋಲಿ ಕಹಾಂ?"

"ಮರದ ಕಾಯಿ ಭಾಯಿ, ಮಕ್ಕಳ ಆಟ!" ಮರ್ಸಿಬಾಯಿ ಹರಕು ಹಿಂದಿಯಲ್ಲಿ ಕೂಗಿದರು.

"ದಿಖಾವ್!"

ಎಲ್ಲಿಂದ ತೋರಿಸುವುದು? ಬಚ್ಚಿಟ್ಟವನು ಅಖಿಲ್.

"ಎಲ್ಲಿಟ್ಟಿದ್ದಿ ಪುಟ್ಟಾ? ಹೇಳು ಮಾರಾಯ!"

ಅಖಿಲ್ ಬಾಯಿಗೆ ಕೈ ಅಡ್ಡ ಹಿಡಿದ. "ಅಳಿಲು ನೋ ಟೆಲ್."

ಮತ್ತೊಂದು ಏಟು. ರುಡಾಲ್ಫ್ ಗೋಡೆಗುಂಟ ಜಾರಿ ಕುಸಿದರು. ರಕ್ತದ ಜೊತೆ ಹಲ್ಲು ಬಿತ್ತು. ಬಂದೂಕಿನ ನಳಿಗೆ ಅವರ ಕಿವಿಗೆ ಒತ್ತಿತು.

ಮರ್ಸಿಬಾಯಿ ಕೈಕಾಲೂರಿ ನೆಲಕ್ಕೆ ಬಗ್ಗಿದರು. ಮೂಗು ಕುಣಿಸಿದರು. "ಚಿಂವ್ ಚಿಂವ್! ಚಳಿಗಾಲ ಬಂತು. ಅಳಿಲಮ್ಮನಿಗೆ ಹಸಿವು. ಗೋಲಿ ಸಿಗದಿದ್ರೆ ಸತ್ತೇ ಹೋಗ್ತಾಳೆ."

ಅಖಿಲ್ ಅವರನ್ನೇ ನೋಡಿದ. ಆಮೇಲೆ ಅಕ್ಕಿ ಚೀಲದೊಳಕ್ಕೆ ಮೊಣಕೈವರೆಗೆ ಕೈ ಇಳಿಸಿ ಕಾಯಿಗಳನ್ನು ತೆಗೆದ.

ಸೈನಿಕ ಒಂದನ್ನು ಕಚ್ಚಿ ನೋಡಿದ. "ಬಲ್ಲೂತ್!" ಎಂದು ಗಹಗಹಿಸಿದ. ಅಕ್ಕಿ ಚೀಲ ಹೆಗಲಿಗೇರಿಸಿ, ಹೋಗುವಾಗ ರುಡಾಲ್ಫರ ಪಕ್ಕೆಗೆ ಬೂಟುಗಾಲಲ್ಲಿ ಒದ್ದ. "ಖಲಾಸ್."

ರುಡಾಲ್ಫ್ ಬದುಕಿದರು. ಮರುದಿನ ಅವರು ಮುಖಕ್ಕೆ ಬಟ್ಟೆ ಬಿಗಿದು ಮಲಗಿದ್ದಾಗ ಅಖಿಲ್ ಸೌಟು ತಂದು ಅವರ ಕಿವಿಗೆ ಒತ್ತಿ ನಿಂತ. "ಕಹಾಂ?"

ಮರ್ಸಿಬಾಯಿ ಸೌಟು ಕಿತ್ತುಕೊಂಡು ಅವನ ಕೆನ್ನೆಗೆ ಬಾರಿಸಿದರು. ಮಕ್ಕಳ ಮೇಲೆ ಎಂದೂ ಕೈ ಎತ್ತಿದವರಲ್ಲ. ಇನ್ನೊಂದು ಏಟಿಗೆ ಕೈ ಎತ್ತಿದಾಗ, ಮಾತು ಹೊರಡದ ರುಡಾಲ್ಫ್ ಅವರ ಸೆರಗು ಹಿಡಿದು ಜಗ್ಗಿದರು.